ಬೋರ್ಡಿಲ್ಲದ ರಿಂಗು

ನಮ್ಮ ಟೀಚರ್ ಅವರ ಬಲಗೈಯ ಉಂಗುರದ ಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ತಿರುಗಿತ್ತು. ಎಷ್ಟೋ ವರ್ಷ ಚೆಂಡು ಬಡಿದು ಬಡಿದು ಹಾಗಾದದ್ದು. ಮಾತಿಗೊಮ್ಮೆ ಆ ಕೈ ಎತ್ತಿ “ಅಲ್ಲಿ ನೋಡು” ಎನ್ನುವರು. ಉಳಿದ ಬೆರಳುಗಳು ಚೆಂಡು ಹಾಕುವ ರಿಂಗಿನ ಕಡೆ ಇದ್ದರೆ ಆ ಒಂದು ಬೆರಳು ಮಾತ್ರ ಪಕ್ಕದ ಮನೆಯ ನೀರಿನ ಟ್ಯಾಂಕನ್ನು ತೋರಿಸುತ್ತಿತ್ತು. ಮೊದಲ ದಿನ ನಾನು ಪೆದ್ದನ ಹಾಗೆ ಟ್ಯಾಂಕನ್ನೇ ನೋಡಿದೆ. “ಅಲ್ಲಿ ಎಂತ ಉಂಟು ಮಾರಾಯ? ನೀರು ಬರುವುದು ಬುಧವಾರ” ಎಂದರು.

ಅವರು ನನ್ನ ಶಾಲೆಯ ಟೀಚರ್ ಅಲ್ಲ, ನೈರೋಬಿಯ ಸೌತ್ ಬಿಯಲ್ಲಿ ನಮ್ಮ ಎಸ್ಟೇಟಿನ, ಅಂದರೆ ಕಾಲೊನಿಯ, ಎದುರು ಮನೆಯವರು. ಮಂಗಳೂರು ಕಡೆಯ ಕೆಥೊಲಿಕರು. ಹುಡುಗಿಯರ ಶಾಲೆಯೊಂದರಲ್ಲಿ ಜೀವಮಾನವೆಲ್ಲ ನೆಟ್‌ಬಾಲ್ ಕಲಿಸಿ, ನಿವೃತ್ತಿಯ ನಂತರ ತಂಗಿಯ ಜೊತೆ ಇದ್ದರು. ಅಕ್ಕತಂಗಿಯರ ನಡುವೆ ಕೊಂಕಣಿ, ನನ್ನ ಹತ್ತಿರ ಕನ್ನಡ. ನಾನು ಹನ್ನೆರಡನೇ ವಯಸ್ಸಿಗೆ ಮೈಸೂರಿನಿಂದ ನೈರೋಬಿಗೆ ಬಂದವನು. ಎಸ್ಟೇಟಿನ ನಮ್ಮವರ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಹಾಗಾಗಿ ಟೀಚರ್‌ಗೆ ಬಾಯಿತುಂಬ ಮಾತಾಡಲು ನಾನೊಬ್ಬ ಸಿಕ್ಕಿದ್ದೆ.

ಹೈಸ್ಕೂಲಿಗೆ ಸೇರಿದ ವರ್ಷ, ಕುಳ್ಳ ಎಂದು ಬಾಸ್ಕೆಟ್‌ಬಾಲ್ ಟೀಮಿನಿಂದ ನನ್ನನ್ನು ಬಿಟ್ಟಿದ್ದರು. ಆ ಸಿಟ್ಟಿಗೆ ಮನೆಗೆ ಬಂದು ಟೀಚರ್ ಮನೆಯ ಕಾಂಪೌಂಡು ಗೋಡೆಗೆ ಚೆಂಡು ಹೊಡೆಯುತ್ತಿದ್ದೆ. ಗೇಟು ತೆರೆದು ಹೊರಗೆ ಬಂದರು. ಉದ್ದ ಸ್ಕರ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ.

“ಗೋಡೆ ನಿನಗೆ ಎಂತ ಮಾಡಿತು? ಒಳಗೆ ಬಾ.”

ಹಿತ್ತಲಲ್ಲಿ ಒಂದು ಕಬ್ಬಿಣದ ಕಂಬ, ಅದರ ತುದಿಗೆ ಒಂದು ರಿಂಗು. ಅಷ್ಟೇ. ಹಿಂದೆ ಬೋರ್ಡಿಲ್ಲ, ಏಕೆಂದರೆ ನೆಟ್‌ಬಾಲಿನಲ್ಲಿ ಬೋರ್ಡೇ ಇರುವುದಿಲ್ಲ. ರಿಂಗು ಬಾಸ್ಕೆಟ್‌ಬಾಲಿನದಕ್ಕಿಂತ ಚಿಕ್ಕದು ಬೇರೆ. ನಾನು ಎಸೆದ ಚೆಂಡುಗಳೆಲ್ಲ ಬಟ್ಟೆ ಒಣಹಾಕಿದ ಹಗ್ಗದ ಆಚೆ ಹೋಗಿ ಬಿದ್ದವು. ಬೋರ್ಡಿದ್ದರೆ ತಗುಲಿ ಒಳಗೆ ಬೀಳುತ್ತಿತ್ತು ಎಂದು ಗೊಣಗಿದೆ. “ಬೋರ್ಡು ನಂಬಿದರೆ ಕೈ ಸೋಮಾರಿ ಆಗ್ತದೆ. ಮೊಣಕಾಲು ಬಗ್ಗಿಸು. ಚೆಂಡು ತಲೆ ಮೇಲೆ ಹಿಡಿ. ಆಕಾಶಕ್ಕೆ ಬಿಡು, ಅದೇ ಇಳಿದು ಬರ್ತದೆ” ಎಂದರು.

ನಾಲ್ಕು ವರ್ಷ ಅದೇ ಹಿತ್ತಲಲ್ಲಿ ಚೆಂಡನ್ನು ಆಕಾಶಕ್ಕೆ ಬಿಟ್ಟೆ. ಸತತವಾಗಿ ಹತ್ತು ಹಾಕಿ “ಆಯ್ತಾ ಟೀಚರ್?” ಎಂದರೆ ಅವರ ಉತ್ತರ ಒಂದೇ: “ಬಾಡೊ.” ಸ್ವಾಹಿಲಿಯಲ್ಲಿ ಹಾಗೆಂದರೆ ‘ಇನ್ನೂ ಇಲ್ಲ’. ಆ ಮನೆಯಲ್ಲಿ ಆ ಮಾತಿಲ್ಲದೆ ದಿನವೇ ಸಾಗುತ್ತಿರಲಿಲ್ಲ. ಅನ್ನ ಆಯ್ತಾ ಎಂದರೆ ಬಾಡೊ, ಕರೆಂಟು ಬಂತಾ ಎಂದರೆ ಬಾಡೊ. ಇಪ್ಪತ್ತು ಹಾಕಿದರೂ ಬಾಡೊ. ಹಾಗೆಂದವರೇ ಒಳಗೆ ಹೋಗಿ ನಿಂಬೆ ಶರಬತ್ತು ತಂದು ಕೊಡುತ್ತಿದ್ದರು.

ಹಿತ್ತಲಿಗೆ ಹೋಗತೊಡಗಿದ ಮರುವರ್ಷವೇ ಶಾಲೆಯ ಟೀಮಿಗೆ ಸೇರಿದ್ದೆ. ಹಿತ್ತಲಿನ ಪಾಠದ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನೆಟ್‌ಬಾಲ್ ಅಂದರೆ ಹುಡುಗಿಯರ ಆಟ, ಕಲಿಸುವವರು ಸ್ಕರ್ಟು ತೊಟ್ಟ ಮುದುಕಿ. ಹುಡುಗರಿಗೆ ಗೊತ್ತಾದರೆ ಬಿಡುತ್ತಾರೆಯೇ? ಯಾರಾದರೂ ಗೆಳೆಯರು ಮನೆಗೆ ಬಂದ ದಿನ ಎದುರು ಮನೆಯ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅಂಥ ಧೀರ ನಾನು.

ಆಮೇಲೆ ಯೂನಿವರ್ಸಿಟಿ. ಅಲ್ಲಿನ ಟೀಮಿಗೆ ಬೇಕಾದವರನ್ನು ಫೀಸು ಮಾಫಿ ಮಾಡಿ ಮೊದಲೇ ಕರೆಸಿಕೊಂಡಿದ್ದರು. ಉಳಿದ ಒಂದೆರಡು ಜಾಗಕ್ಕೆ ಶನಿವಾರ ಯಾರು ಬೇಕಾದರೂ ಬಂದು ಆಡಿ ತೋರಿಸಬಹುದು ಎಂದು ನೋಟಿಸು ಹಾಕಿದ್ದರು. ಹಾಗೆ ಕರೆಯದೆ ಬಂದವನಿಗೆ ವಾಕ್-ಆನ್ ಎನ್ನುತ್ತಾರೆ ಎಂದು ಟೀಚರ್‌ಗೆ ಹೇಳಿದೆ.

“ಅಯ್ಯೋ, ಮದುವೆಗೆ ಕರೆಯದೆ ಊಟಕ್ಕೆ ಹೋದ ಹಾಗೆ ಆಯ್ತಲ್ಲ ಮಾರಾಯ!” ಎಂದು ನಕ್ಕರು. “ಒಬ್ಬನೇ ಹೋಗಬೇಡ. ನಾನೂ ಬರ್ತೇನೆ.”

ಬೇಡ ಎನ್ನಲು ಬಾಯಿ ಬರಲಿಲ್ಲ. ಶನಿವಾರ ಇಬ್ಬರೂ ಮಟಾಟು ಎನ್ನುವ ಸಣ್ಣ ಬಸ್ಸು ಹತ್ತಿ ಹೋದೆವು. ಶೂಗೆ ಹೊಸದಾಗಿ ಬಿಳಿ ಹಚ್ಚಿದ್ದರು. ನಾನು ಸ್ಟಾಪಿನಲ್ಲಿ ಇಳಿದವನೇ ಹತ್ತು ಹೆಜ್ಜೆ ಮುಂದೆ ನಡೆದೆ. ಅವರಿಗೆ ಅರ್ಥವಾಗಿರಬೇಕು. ಒಳಗೆ ಬಂದು ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ, ಯಾರೋ ಬೇರೆಯವರ ಹಾಗೆ ಕುಳಿತರು.

ಬಂದಿದ್ದವರಲ್ಲಿ ಹೆಚ್ಚಿನವರು ನನಗಿಂತ ಒಂದು ತಲೆ ಎತ್ತರ. ನನ್ನ ಸರದಿ ಬಂತು. ಮೊಣಕಾಲು ಬಗ್ಗಿಸಿದೆ, ಚೆಂಡನ್ನು ತಲೆ ಮೇಲೆ ಹಿಡಿದೆ, ಆಕಾಶಕ್ಕೆ ಬಿಟ್ಟೆ. ಬಲೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಇನ್ನೊಂದು. ಮತ್ತೊಂದು. ಚಿಕ್ಕ ರಿಂಗಿಗೆ ಪಳಗಿದ ಕೈಗೆ ಆ ದೊಡ್ಡ ರಿಂಗು ಬಕೆಟ್ಟಿನಷ್ಟು ಅಗಲ ಕಾಣುತ್ತಿತ್ತು. ಏಳನೆಯದು ಬಿದ್ದಾಗ ಹಿಂದಿನಿಂದ ಒಬ್ಬ “ಏ, ನೆಟ್‌ಬಾಲ್ ಹುಡುಗಿ!” ಎಂದು ಕೂಗಿದ. ಎಲ್ಲ ಘೊಳ್ಳೆಂದು ನಕ್ಕರು.

ಕೋಚ್ ನಗಲಿಲ್ಲ. ಹತ್ತಿರ ಬಂದು, “ಈ ಶಾಟ್ ನಿನಗೆ ಕಲಿಸಿದವರು ಯಾರು?” ಎಂದು ಕೇಳಿದರು.

ಬೆಂಚಿನ ತುದಿಯಲ್ಲಿ ಟೀಚರ್ ಅರ್ಧ ಎದ್ದಿದ್ದರು. ಸ್ಕರ್ಟಿನ ಸುಕ್ಕು ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ನಾನು ನೋಡಿದೆ. ಕಾಣಲಿಲ್ಲ ಎಂದು ಸುಳ್ಳು ಹೇಳುವ ಹಾಗಿಲ್ಲ.

“ಯಾರೂ ಇಲ್ಲ ಸರ್. ವಿಡಿಯೊ ನೋಡಿ ನಾನೇ ಕಲಿತೆ” ಎಂದೆ.

ಟೀಚರ್ ಹಾಗೇ ಕುಳಿತುಕೊಂಡರು. ಕೈಚೀಲ ತೆರೆದು ಏನನ್ನೋ ಹುಡುಕತೊಡಗಿದರು.

ನನ್ನನ್ನು ತೆಗೆದುಕೊಂಡರು, ಕಟ್ಟಕಡೆಯ ಜಾಗಕ್ಕೆ. ವಾಪಸು ಬರುವಾಗ ಮಟಾಟುವಿನಲ್ಲಿ ಹಾಡು ಕಿವಿ ಹರಿಯುವಷ್ಟು ಜೋರಾಗಿತ್ತು. ಅದರಿಂದ ನನಗೆ ಅನುಕೂಲವೇ ಆಯಿತು, ಮಾತಾಡುವ ಪ್ರಮೇಯ ಬರಲಿಲ್ಲ. ಇಳಿದ ಮೇಲೆ ಗೇಟಿನ ಹತ್ತಿರ ಟೀಚರ್ ನಿಂತರು. “ಒಳ್ಳೆ ವಿಡಿಯೊ ಇರಬೇಕು ಅದು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಶರಬತ್ತು ಬೇಕಾ ಎಂದು ಕೇಳಿದರು. ಬೇಡ ಎಂದು ಮನೆಗೆ ಓಡಿದೆ. ಕ್ಷಮಿಸಿ ಎನ್ನಲು ಆಗಲೂ ಆಗುತ್ತಿತ್ತು, ಮರುದಿನವೂ ಆಗುತ್ತಿತ್ತು. ಎದುರು ಮನೆ ತಾನೆ, ಹದಿನೈದು ಹೆಜ್ಜೆ.

ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಕೇಳಿದ್ದು ಒಂದೇ: “ನಿನ್ನ ಮ್ಯಾಚು ಒಂದು ನೋಡಬೇಕು. ನಿನ್ನನ್ನು ಆಡ್ಲಿಕ್ಕೆ ಇಳಿಸಿದ ದಿನ ಕರಿ, ಆಯ್ತಾ?”

“ಬಾಡೊ ಟೀಚರ್, ಇನ್ನೂ ಬೆಂಚಲ್ಲೇ ಕೂರ್ಸಿದಾರೆ” ಎನ್ನುತ್ತಿದ್ದೆ. ಮೊದಲ ವರ್ಷ ಅದು ನಿಜವಾಗಿತ್ತು. ಎರಡನೇ ವರ್ಷ ಇಳಿಸಿದರು. ಎತ್ತರದವರ ಕೈಗೆ ನನ್ನ ಚೆಂಡು ಎಟುಕುತ್ತಿರಲಿಲ್ಲ, ಅವರ ತಲೆ ಮೇಲಿಂದ ಹೋಗಿ ರಿಂಗಿಗೆ ಇಳಿಯುತ್ತಿತ್ತು. ಆಗಲೂ ಬಾಡೊ ಎಂದೆ. ಟೀಚರ್ ಬಂದರೆ ಸುಮ್ಮನೆ ಕೂರುವವರಲ್ಲ. “ಮೊಣಕಾಲು!” ಎಂದು ಒಂದು ಸಲ ಕೂಗಿದರೂ ನನ್ನ ವಿಡಿಯೊದ ಬಣ್ಣ ಬಯಲು. ಹೇಳಿದ ಒಂದು ಸುಳ್ಳನ್ನು ಕಾಯಲು ಅವರದೇ ಮಾತನ್ನು ಅವರಿಗೇ ತಿರುಗಿಸಿ ಕೊಡುತ್ತಿದ್ದೆ. ಥೂ, ಎಂಥ ನಾಲಿಗೆ ನನ್ನದು!

ಮೂರನೇ ವರ್ಷ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಎದೆನೋವು. “ಹೋಗಿ ನೋಡ್ಕೊಂಡು ಬಾರೋ, ನಿನ್ನ ಕೇಳ್ತಿದ್ರು” ಎಂದು ಅಮ್ಮ ಗುರುವಾರ ಹೇಳಿದರು. ಶನಿವಾರ ನಕುರುವಿನಲ್ಲಿ ಮ್ಯಾಚಿತ್ತು. ಮುಗಿಸಿಕೊಂಡು ಬಂದು ಹೋದರಾಯಿತು ಎಂದುಕೊಂಡೆ. ಆ ಮ್ಯಾಚಿನಲ್ಲಿ ಗೆದ್ದೆವು, ಕೊನೆಯ ಶಾಟ್ ನನ್ನದೇ. ಬಸ್ಸು ಹತ್ತುವಾಗ ಅಮ್ಮನ ಫೋನು ಬಂತು. “ಟೀಚರ್ ಹೋಗ್ಬಿಟ್ರು ಕಣೋ.”

ಅಂತ್ಯಕ್ರಿಯೆಯ ದಿನ ಪ್ರಾಕ್ಟೀಸಿಗೆ ಬರುವುದಿಲ್ಲ ಎಂದು ಕೋಚ್‌ಗೆ ತಿಳಿಸಿದೆ. ತೀರಿಕೊಂಡವರು ನಿನಗೇನಾಗಬೇಕು ಎಂದು ಕೇಳಿದರು. ಆಗ ಬಾಯಿ ಬಿಟ್ಟೆ. ನನ್ನ ಶಾಟ್ ಕಲಿಸಿದವರು, ನೆಟ್‌ಬಾಲ್ ಟೀಚರ್, ವಿಡಿಯೊ ಗಿಡಿಯೊ ಎಲ್ಲ ಸುಳ್ಳು ಎಂದೆ.

“ಆವತ್ತು ಬಿಳಿ ಶೂ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರಲ್ಲ, ಅವರಾ?” ಎಂದರು ಕೋಚ್. “ನನ್ನ ಅಕ್ಕ ನೆಟ್‌ಬಾಲ್ ಆಡುತ್ತಿದ್ದಳು. ನಿನ್ನ ಶಾಟ್ ನೋಡಿದ ಕೂಡಲೇ ಗುರುತು ಸಿಕ್ಕಿತು. ಕಲಿಸಿದವರು ಸಿಕ್ಕಿದರೆ ಇಡೀ ಟೀಮಿಗೆ ಅವರಿಂದಲೇ ಹೇಳಿಕೊಡಿಸಬೇಕು ಅಂತ ಕೇಳಿದ್ದೆ ಕಣಪ್ಪ.”

ನೆಲ ಬಾಯಿಬಿಡಬಾರದೇ ಎನ್ನಿಸಿತು.

ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಆಮೇಲೆ ಎಲ್ಲರೊಂದಿಗೆ ಅವರ ಮನೆಗೆ ಹೋದೆ. ಬಾಗಿಲ ಪಕ್ಕದಲ್ಲೇ ಬಿಳಿ ಕ್ಯಾನ್ವಾಸ್ ಶೂ ಜೋಡಿ ಇತ್ತು. ಹಚ್ಚಿದ ಬಿಳಿ ಒಣಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ದಾಟಿ ಹೋಗದೆ ಅಲ್ಲೇ ನಿಂತೆ. ಅವರ ತಂಗಿ ಬಂದು ನನ್ನ ಪಕ್ಕ ನಿಂತರು.

“ಶುಕ್ರವಾರ ಬಂದರೆ ಬಿಳಿ ಹಚ್ಚಿ ಅಲ್ಲಿ ಇಡುವುದು. ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ನನ್ನನ್ನು ಕೇಳುವುದು, ಹುಡುಗ ಮ್ಯಾಚಿಗೆ ಕರೆದನಾ ಅಂತ. ಆಸ್ಪತ್ರೆಯಲ್ಲೂ ಅದನ್ನೇ ಕೇಳಿದಳು.”

“ನೀವೇನಂದ್ರಿ?”

ಅವರು ಬಗ್ಗಿ, ಒಂದಕ್ಕೊಂದು ತಾಗುವ ಹಾಗೆ ಶೂಗಳನ್ನು ಸರಿಯಾಗಿ ಜೋಡಿಸಿಟ್ಟರು.

“ಎಂತ ಹೇಳುವುದು ಮಗಾ? ಬಾಡೊ ಅಂದೆ.”