ಮಧ್ಯಾಹ್ನದ ಸ್ಕೂಲು, ಬೆಳಗಿನ ಅತ್ತೆ

ನಾನು ಡಿಗ್ರಿ ಪಡೆದವಳೇ. ಆದರೆ ಪ್ರೈಮರಿ ಸ್ಕೂಲನ್ನು ಮಾತ್ರ ಅರ್ಧವೇ ಓದಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಮೊಮ್ಮಕ್ಕಳು ನನ್ನ ಡಿಗ್ರಿಯನ್ನೇ ಅನುಮಾನದಿಂದ ನೋಡುತ್ತಾರೆ.

ಅರವತ್ತರ ದಶಕದ ಆರಂಭ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೆಳಗಿನ ಮಂಜು ಯಾರ ಅಪ್ಪಣೆಯನ್ನೂ ಕೇಳದೆ ನಡುಮನೆಗೇ ಬರುತ್ತಿತ್ತು. ನನಗೋ ಉಬ್ಬಸ. "ಬಿಸಿಲೇರೋ ತನಕ ಮಗೂನ ಹೊರಗೆ ಬಿಡ್ಬೇಡಿ" ಎಂದರು ಡಾಕ್ಟರು. ಹೆಡ್‌ಮೇಡಂ ಒಪ್ಪಿದ್ದರಿಂದ ಮಧ್ಯಾಹ್ನ ಮಾತ್ರ ಸ್ಕೂಲು. ಬೆಳಿಗ್ಗೆ ಪದ್ಮತ್ತೆಯ ಮನೆಪಾಠ. ಹಿಂದಿನವರು ಗುರುವನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಿದ್ದರಂತೆ. ನನ್ನ ಗುರು ಅಡುಗೆಮನೆಯಲ್ಲೇ ಸಿಗುತ್ತಿದ್ದಳು.

ಪದ್ಮತ್ತೆ ಅಪ್ಪನ ತಂಗಿ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಹುರುಳಿಕಾಯಿ ಬಿಡಿಸುತ್ತಾ ನನ್ನಿಂದ ಮಗ್ಗಿ ಹೇಳಿಸುತ್ತಿದ್ದಳು. ಮಗ್ಗಿ ಮುಗಿದ ಮೇಲೆ, ಹಿಂದಿನ ದಿನ ಸ್ಕೂಲಿನಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಬೇಕು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ದೊಡ್ಡ ಭಾಗಾಕಾರವನ್ನು ಗಡಿಬಿಡಿಯಲ್ಲಿ ಮುಗಿಸಿ ಎದ್ದೆ. ಅತ್ತೆ ತನ್ನ ಸೆರಗು ಹಿಡಿದುಕೊಂಡು ಮೆಲ್ಲಗೆ ಅಂದಳು: "ಇನ್ನೊಂದ್ಸಲ ಹೇಳೇ. ನಂಗಿದು ಬರಲ್ಲ."

ನಾನು ಹಂಬಲಿಸುತ್ತಿದ್ದುದು ಬೆಳಗಿನ ಪ್ರಾರ್ಥನೆಗೆ, ಗೆಳತಿಯರ ಗಲಾಟೆಗೆ. ಅವಳು ಹಂಬಲಿಸುತ್ತಿದ್ದುದು ನಾನು ಆಕಳಿಸುತ್ತಾ ಕೇಳಿ ಬಂದ ಪಾಠಕ್ಕೆ. ಹೀಗೆ ಒಬ್ಬಳ ಫೀಜಿನಲ್ಲಿ ಇಬ್ಬರು ಐದನೇ ಕ್ಲಾಸು ಮುಗಿಸಿದೆವು.

ಆ ಬೇಸಿಗೆಯಲ್ಲಿ ಉಬ್ಬಸ ಬಿಟ್ಟುಹೋಯಿತು. "ಇನ್ಮೇಲೆ ಪೂರ್ತಿ ಸ್ಕೂಲಿಗೆ ಹೋಗ್ಲಿ" ಎಂದರು ಅಪ್ಪ. ನಾನು ಕುಣಿದೆ. ಅತ್ತೆ "ಹೋಗ್ಲಿ ಅಣ್ಣ, ಒಳ್ಳೇದೇ ಆಯ್ತು" ಎಂದು ಒಲೆಯ ಕಡೆ ತಿರುಗಿದಳು. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ.

"ಹಂಗಾದ್ರೆ ಅತ್ತೆ ಪಾಠ?" ಎಂದೆ.

"ಅವಳಿಗೇನು ಪಾಠ?" ಎಂದರು ಅಪ್ಪ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಎದ್ದು ಒಲೆಯ ಹತ್ತಿರ ಹೋದರು. "ಪದ್ಮಾ, ಇಲ್ಲೇ ಸಿದ್ದಾಪುರದ ಹತ್ರ ದೊಡ್ಡ ಹೆಂಗಸರಿಗೂ ಮಧ್ಯಾಹ್ನ ಕ್ಲಾಸು ನಡೆಸ್ತಾರಂತೆ. ಹೋಗ್ತೀಯಾ?" ಎಂದರು.

"ಜನ ಏನಂತಾರೋ ಅಣ್ಣ."

"ಅನ್ನೋರು ಅನ್ನಲಿ. ನೀನು ಹೋಗು."

ಅವಳು ಹೊರಟ ಮೊದಲ ದಿನ ನನಗಿನ್ನೂ ರಜೆ. ಗೇಟು ಹಿಡಿದು ನಿಂತೆ. ತಿರುವಿನಲ್ಲಿ ಒಮ್ಮೆ ತಿರುಗಿ ನೋಡುತ್ತಾಳೆ, ಕೈಬೀಸಬೇಕು ಎಂದು ಕಾದೆ. ಪದ್ಮತ್ತೆ ಸೀರೆಯ ನಿರಿಗೆಯನ್ನು ತುಸು ಎತ್ತಿ ಹಿಡಿದು, ಬಹುತೇಕ ಓಡುತ್ತಲೇ ಹೋಗಿಬಿಟ್ಟಳು. ಕಲಿಯಲು ಹೊರಟವರು ಹಿಂತಿರುಗಿ ನೋಡಬಾರದು ಎಂಬ ಪಾಠವನ್ನು ಅವಳು ನನಗೆ ಕಲಿಸಿದ್ದು ಅಂದೇ. ಈ ವಯಸ್ಸಿನಲ್ಲೂ ಆ ಒಂದು ಪಾಠದಲ್ಲಿ ನಾನು ಫೇಲು.