ಅಪೊಂಡಿಯ ಗುಂಡಿಗೆ ಬಿದ್ದ ತಡೆ

"ಈ ಸರೋವರದ ಸುತ್ತ ನನ್ನ ಗುದ್ದಲಿಗೆ ಒಲ್ಲೆ ಅಂದ ನೆಲ ಇನ್ನೂ ಹುಟ್ಟಿಲ್ಲ!" ಎಂದು ನಮ್ಮೂರಿನಲ್ಲಿ ಹೆಣ ಹೂಳುವ ಗುಂಡಿ ತೋಡುವ ಒಗೋಲಾ ಕೊಚ್ಚಿಕೊಳ್ಳುತ್ತಿದ್ದ. ಅವನು ಗುದ್ದಲಿ ಎತ್ತಿದರೆ ಬಂಡೆಗಳು ತಾವಾಗಿಯೇ ಎದ್ದು ನಡೆಯುತ್ತಿದ್ದವು. ಒಂದಕ್ಕೆ ನಾನೇ ದಾರಿ ಬಿಟ್ಟಿದ್ದೇನೆ.

ಅವನ ಹೆಂಡತಿ ಅಪೊಂಡಿ ತೀರಿಕೊಂಡಳು. ನಮ್ಮ ಲುವೊ ಜನರಲ್ಲಿ ಗಂಡಸಾಗಲಿ ಹೆಂಗಸಾಗಲಿ, ಸತ್ತವರನ್ನು ಅವರವರ ಅಂಗಳದಲ್ಲೇ ಹೂಳಬೇಕು. ಬೇರೆಡೆ ಹೂತರೆ ಕನಸಿಗೆ ಬಂದು, ನನ್ನ ಮನೆ ಎಲ್ಲಿ ಎಂದು ಕೇಳುತ್ತಾರೆ. ಆದರೆ ಗುದ್ದಲಿ ನೆಲಕ್ಕೆ ತಾಗುವ ಮೊದಲೇ ಒಗೋಲಾನ ತಮ್ಮ ಒಬೂರಾ ಪೊಲೀಸರನ್ನು ಕರೆತಂದ. ಆ ಅಂಗಳ ತನ್ನದೆಂದು ಅವನು ಭೂ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ್ದ. ಆ ಮೊಕದ್ದಮೆ, ಸರೋವರ ಇನ್ನೂ ಕೊಚ್ಚೆಗುಂಡಿಯಾಗಿದ್ದ ಕಾಲದಿಂದ ನಡೆಯುತ್ತಿತ್ತು.

"ಇಲ್ಲಿ ಸಮಾಧಿ ಎದ್ರೆ ನೆಲ ನಿಂದೇ ಅಂತ ಊರೆಲ್ಲ ಸಾಕ್ಷಿ ಹೇಳತ್ತೆ, ಅಣ್ಣಾ. ಅತ್ತಿಗೇನ ಬೇರೆ ಕಡೆ ಹೂಳು," ಎಂದ ಒಬೂರಾ, ಕೆಮ್ಮುತ್ತಲೇ.

ಹೂಳಲು ಅಪ್ಪಣೆ ಕೊಡಿ ಎಂದು ಒಗೋಲಾ ಪಟ್ಟಣದ ಕೋರ್ಟಿನಲ್ಲಿ ದಾವೆ ಹಾಕಿದ. ನೆಲ ಯಾರದೆಂದು ಮೊದಲು ಭೂ ನ್ಯಾಯಾಲಯ ತೀರ್ಮಾನಿಸಲಿ, ಅಲ್ಲಿಯವರೆಗೆ ಈ ದಾವೆಗೆ ತಡೆ, ಆ ಅಂಗಳದಲ್ಲಿ ಯಾರನ್ನೂ ಹೂಳಕೂಡದು ಎಂದರು ನ್ಯಾಯಾಧೀಶರು. ಅಪೊಂಡಿ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲೇ ಉಳಿದಳು.

ಕೋರ್ಟಿನ ಮೆಟ್ಟಿಲ ಮೇಲೆ ಒಬೂರಾ ನಕ್ಕ. "ಏನಣ್ಣಾ, ಒಲ್ಲೆ ಅನ್ನೋ ನೆಲ ಕೊನೆಗೂ ಸಿಕ್ತಾ?"

ನಗು ಕೆಮ್ಮಾಗಿ ತಿರುಗಿ ಅವನನ್ನು ಎರಡಾಗಿ ಬಗ್ಗಿಸಿತು. ಒಗೋಲಾ ಅವನ ಬೆನ್ನು ಸವರಿದ.

"ಮೆಲ್ಲಗೆ ತಮ್ಮಾ. ತಡೆ ನಿನಗೂ ಸೇರಿಯೇ ಇದೆ. ಅವಳ ಪಕ್ಕದ ಪೆಟ್ಟಿಗೆ ಖಾಲಿ ಇದೆ, ನೋಡ್ಕೊಂಡೇ ಬಂದಿದೀನಿ."