ಐದು ದಿನದ ಹಾಲು

ಹತ್ತು ದಿನ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮೊನ್ನೆ ಮಗ ಹುಟ್ಟಿದ ವರ್ಷದ ಡೈರಿ ತೆಗೆದರೆ, ಐದೇ ದಿನ. ಉಳಿದ ಐದನ್ನು ನನ್ನ ಹೊಟ್ಟೆಕಿಚ್ಚು ಸೇರಿಸಿರಬೇಕು.

ಮಗನಿಗೆ ಆಗ ಎರಡು ತಿಂಗಳು. ಯಾವ ಮಾತ್ರೆಗೂ ಬಗ್ಗದ ತಲೆನೋವಿಗೆ ಸಾಗರದ ಡಾಕ್ಟರು ಬಲವಾದ ಇಂಜೆಕ್ಷನ್ ಕೊಟ್ಟು, ಐದು ದಿನ ಮಗುವಿಗೆ ಹಾಲು ಕೊಡಬೇಡಿ ಎಂದರು. ಒಂದು ದಿನಕ್ಕೆ ರಕ್ತದಲ್ಲಿರುವ ಮದ್ದಿನಲ್ಲಿ ಸುಮಾರು ಅರ್ಧ ಹೋಗುತ್ತದೆ, ಮರುದಿನ ಉಳಿದದ್ದರಲ್ಲಿ ಅರ್ಧ, ಹೀಗೆ ಇಳಿಯುತ್ತದೆ ಎಂದು ವಿವರಿಸಿದರು.

ಮಗ ಬಾಟಲಿಯನ್ನು ನಾಲಿಗೆಯಿಂದಲೇ ತಳ್ಳಿದ. ಹೊಸನಗರದ ಮನೆಯಲ್ಲಿ ಭಾವನ ಹೆಂಡತಿಯೂ ನಮ್ಮ ಜೊತೆಗಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅವರ ಮಗಳೂ ಹಾಲು ಕುಡಿಯುವ ಕೂಸು. ಯಾರೂ ಕೇಳುವ ಮೊದಲೇ ಅವರು ನನ್ನ ಮಗನನ್ನು ಮಡಿಲಿಗೆ ಎಳೆದುಕೊಂಡರು. 'ದೊಡ್ಡ ಮನಸ್ಸು' ಎಂದು ಡೈರಿಯಲ್ಲಿ ಬರೆದಿದ್ದೇನೆ. ಅಕ್ಷರ ಮಾತ್ರ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.

ನಾನು ಹಾಲು ಹಿಂಡಿ, ಯಾರೂ ತುಳಿಯದ ಹಾಗೆ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದೆ. ಹಾಲಿನ ಜೊತೆ ಮದ್ದೂ ಬೇಗ ಹೋಗಲಿ ಎಂದು ನೋಯುವಷ್ಟು ಹಿಂಡಿದೆ. ಎರಡನೇ ದಿನ ಫೋನಿನಲ್ಲಿ ಡಾಕ್ಟರು ಹಾಗೆಲ್ಲ ಹೋಗುವುದಿಲ್ಲ ಎಂದರು. ಅದನ್ನು ಕಳೆಯುವುದು ಯಕೃತ್ತು, ಮೂತ್ರಪಿಂಡ. ಅವು ತಮ್ಮ ವೇಗದಲ್ಲೇ ಕೆಲಸ ಮಾಡುತ್ತವೆ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ಇಳಿಯುತ್ತದೆ. ಎದೆ ಬಿಗಿದರೆ ಮಾತ್ರ ಹಿಂಡಿ ಎಂದರು. ಎಂ.ಎ. ಓದಿದವಳಿಗೆ ಇಷ್ಟೂ ಹೊಳೆದಿರಲಿಲ್ಲ.

ಇನ್ನು ಮಾಡಲು ಏನೂ ಇರಲಿಲ್ಲ, ನೋಡುವುದನ್ನು ಬಿಟ್ಟು. ಮಗನ ಮುಷ್ಟಿ ಅಕ್ಕನ ಕುಪ್ಪಸವನ್ನು ಹಿಡಿದಿರುತ್ತಿತ್ತು. ಅವರ ಮಗಳು ಪಕ್ಕದಲ್ಲಿ ಸೆರಗು ಎಳೆಯುತ್ತಿದ್ದಳು.

"ನೋಡೆ, ಇವ್ನು ಕುಡಿಯೋದ್ ಕಂಡ್ರೆ ಇವ್ಳಿಗೆ ಹೊಟ್ಟೆಕಿಚ್ಚು" ಎಂದರು ಅಕ್ಕ.

ಮಗಳ ಬಗ್ಗೆಯೇ ಹೇಳಿದ್ದು. ಹಾಗೆಂದು ಈಗ ಅನ್ನಿಸುತ್ತದೆ.

ಆರನೇ ದಿನ ಬೆಳಿಗ್ಗೆ ಎದೆಗೆ ಹಿಡಿದರೆ ಮಗ ಮುಖ ತಿರುಗಿಸಿದ. ಮತ್ತೆ ಹಿಡಿದೆ, ಅತ್ತುಬಿಟ್ಟ. ಇನ್ನು ಇವನು ನನ್ನವನಲ್ಲ ಎಂದುಕೊಂಡೆ. ಅಕ್ಕ ಒಳಗಿನಿಂದ ತಾವು ಹಿಂದಿನ ದಿನ ಉಟ್ಟ ಸೀರೆ ತಂದರು.

"ತಗೋ, ಇದ್ನ ಹೊದ್ಕೊ. ವಾಸ್ನೆ ಹುಡುಕ್ತಾ ಇದಾನೆ, ಅಷ್ಟೆ."

ಅವರ ಪೌಡರು, ಬೆವರು, ಹಾಲಿನ ವಾಸನೆಯ ಆ ಸೀರೆಯನ್ನು ಎಸೆಯಬೇಕೆನ್ನಿಸಿತು. ಹೊದ್ದೆ. ಮಗ ಮೂಗು ಉಜ್ಜಿ, ಬಾಯಿ ಹಾಕಿ ನುಂಗತೊಡಗಿದ. ಅಕ್ಕ ನಗುತ್ತಾ ಹೊರಗೆ ಹೋದರು ಎಂದು ಬರೆದಿದ್ದೇನೆ. ಅವರ ಬೆನ್ನು ನನ್ನ ಕಡೆಗಿತ್ತು. ನಕ್ಕದ್ದನ್ನು ನಾನು ಹೇಗೆ ಕಂಡೆ?

ಮುಂದಿನ ಮೂರು ದಿನ ಆ ಸೀರೆಯನ್ನು ಒಗೆಯಲು ಯಾರಿಗೂ ಕೊಡಲಿಲ್ಲ.